ಅಜ್ಜರಕಾಡಿನ ಬೆಳಗು, ಎಡಕ್ಕೆ ವಾಲುವ ಮೈ

ಉಡುಪಿ, 17 ನವೆಂಬರ್ 2024, ಭಾನುವಾರ

ಬೆಳಿಗ್ಗೆ ಆರೂವರೆಗೆ ಅಜ್ಜರಕಾಡು ಕ್ರೀಡಾಂಗಣವನ್ನು ತಲುಪಿದಾಗ ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ನನ್ನ ಬಳಿ ಜಾವೆಲಿನ್ ಎಸೆತ ಕಲಿಯುತ್ತಿರುವ ಪದವಿ ವಿದ್ಯಾರ್ಥಿನಿಯ ಎಸೆತವನ್ನು ಇಂದು ಹಿಂಬದಿಯಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದೆ. ಅವಳ ತೋಳಿಗೆ ಬಲ ಸಾಲದೆಂದು ಎರಡು ತಿಂಗಳಿನಿಂದ ನಂಬಿಕೊಂಡು ಬಂದಿದ್ದೆ. ಆ ನಂಬಿಕೆ ತಪ್ಪಾಗಿತ್ತು. ಓಡಿ ಬಂದು ಎಡಗಾಲನ್ನು ನೇರವಾಗಿ ಊರಿದ ಕ್ಷಣದಲ್ಲೇ ಅವಳ ಮೈ ಎಡಕ್ಕೆ ವಾಲುತ್ತದೆ, ಸೊಂಟದ ಬಲಬದಿ ಹಿಂದೆ ಉಳಿಯುತ್ತದೆ, ಮಿಕ್ಕ ಕೆಲಸವನ್ನೆಲ್ಲ ಭುಜವೊಂದೇ ಮಾಡಬೇಕಾಗುತ್ತದೆ. ಮಹಿಳೆಯರ ಜಾವೆಲಿನ್ನಿನ ತೂಕ ಬರೀ 600 ಗ್ರಾಂ. ಓಟದ ವೇಗವು ಊರಿದ ಕಾಲಿನಿಂದ ಸೊಂಟಕ್ಕೆ, ಅಲ್ಲಿಂದ ಎದೆಗೆ, ಭುಜಕ್ಕೆ, ಮೊಣಕೈಗೆ ಒಂದರ ಹಿಂದೊಂದಾಗಿ ದಾಟಿದರೆ ಮಾತ್ರ ಅದು ದೂರ ಹೋಗುತ್ತದೆ. ನಡುವಿನಲ್ಲಿ ಮೈ ಸಡಿಲವಾದರೆ ಆ ವೇಗ ಅಲ್ಲೇ ಸೋರಿಹೋಗುತ್ತದೆ. ಅವಳು ಆಗಾಗ ಹೇಳುವ ಭುಜನೋವಿನ ಮೂಲವೂ ಇದೇ ಇರಬಹುದೆಂದು ಈಗ ಅನಿಸುತ್ತಿದೆ.

ಇಲ್ಲಿ ಸಡಿಲವಾಗುವುದು ಕೋರ್, ಅಂದರೆ ಮೈಯ ನಡುಭಾಗವನ್ನು ಹಿಡಿದಿಡುವ ಸ್ನಾಯುಗಳು. ಕೋರ್ ಎಂದೊಡನೆ ನಮ್ಮ ಹುಡುಗರು ಅಂಗಿ ಎತ್ತಿ ಹೊಟ್ಟೆಯ ಗೆರೆಗಳನ್ನು ಎಣಿಸತೊಡಗುತ್ತಾರೆ. ಆದರೆ ಮುಖ್ಯ ಕೆಲಸ ನಡೆಯುವುದು ಕನ್ನಡಿಯಲ್ಲಿ ಕಾಣದ ಕಡೆ: ಮೇಲೆ ಉಸಿರಾಟದ ವಪೆ (ಡಯಾಫ್ರಾಮ್), ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು, ಸುತ್ತಲೂ ಪಟ್ಟಿಯಂತೆ ಬಿಗಿಯುವ ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್, ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡಿರುವ ಮಲ್ಟಿಫಿಡಸ್. ಇವೆಲ್ಲ ಸೇರಿ ಹೊಟ್ಟೆಯೊಳಗೆ ಒತ್ತಡ ಹುಟ್ಟಿಸಿ ಬೆನ್ನಿಗೆ ಆಸರೆಯಾಗುತ್ತವೆ. ಆಸ್ಟ್ರೇಲಿಯಾದ ಪಾಲ್ ಹಾಡ್ಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಆರೋಗ್ಯವಂತರು ತೋಳನ್ನು ಎತ್ತುವಾಗ ಭುಜದ ಸ್ನಾಯುವಿಗಿಂತ ಮೊದಲೇ ಹೊಟ್ಟೆಯನ್ನು ಸುತ್ತುವ ಆ ಟ್ರಾನ್ಸ್‌ವರ್ಸಸ್ ಸ್ನಾಯು ಬಿಗಿಯುತ್ತದೆ, ಸೊಂಟನೋವು ಇರುವವರಲ್ಲಿ ಅದು ತಡವಾಗುತ್ತದೆ ಎಂಬುದನ್ನು ಅವರು ಕಂಡರು. ಹಾಗಾದರೆ ಸ್ನಾಯುವಿನ ಬಲದಷ್ಟೇ ಅದು ಎಚ್ಚರಗೊಳ್ಳುವ ಹೊತ್ತೂ ಮುಖ್ಯ.

ಕಂಬಳದ ಕರೆಯ, ಅಂದರೆ ಕೋಣಗಳು ಓಡುವ ಕೆಸರಿನ ಹಾದಿಯ ಬಳಿ ನಿಂತು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕನೆಹಲಗೆ ವಿಭಾಗದಲ್ಲಿ ಪುಟ್ಟ ಹಲಗೆಯ ಮೇಲೆ ಕಾಲೂರಿ, ಕೋಣದ ಬಾಲ ಹಿಡಿದು ನೀರಿನಲ್ಲಿ ಸಾಗುವವನು, ಹಲಗೆಯ ತೂತಿನಿಂದ ಚಿಮ್ಮುವ ನೀರನ್ನು ಆರೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆಗೆ ಮುಟ್ಟಿಸಬೇಕು. ಮುಂದಿನಿಂದ ಕೋಣಗಳು ಎಳೆಯುತ್ತಿರುತ್ತವೆ, ಕೆಳಗಿನಿಂದ ಕೆಸರುನೀರು ತಳ್ಳುತ್ತಿರುತ್ತದೆ. ಇವೆರಡರ ನಡುವೆ ಅವನ ನಡು ಕುಸಿದರೆ ಹಲಗೆ ಓರೆಯಾಗಿ ನೀರು ನಿಶಾನೆಯ ಬದಲು ಪಕ್ಕಕ್ಕೆ ಹಾರುತ್ತದೆ. ಅವರಲ್ಲಿ ಯಾರೂ ಪ್ಲ್ಯಾಂಕ್ (ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದಿಡುವ ವ್ಯಾಯಾಮ) ಮಾಡಿ ಅದನ್ನು ಕಲಿತವರಲ್ಲ ಎಂಬುದನ್ನು ನನ್ನಂಥ ತರಬೇತುದಾರರು ನೆನಪಿಡುವುದು ಒಳ್ಳೆಯದು.

ಅಭ್ಯಾಸದ ವಿಚಾರದಲ್ಲಿ ನಾನೇ ತಿದ್ದಿಕೊಳ್ಳಬೇಕಾದದ್ದು ಹೆಚ್ಚು. ನನ್ನ ಕಾಲದಲ್ಲಿ ಮಾಡಿಸುತ್ತಿದ್ದ ಸಿಟ್‌ಅಪ್‌ಗಳನ್ನೇ ನಾನೂ ಲೆಕ್ಕವಿಟ್ಟು ಮಾಡಿಸಿದೆ. ಬೆನ್ನನ್ನು ಮತ್ತೆ ಮತ್ತೆ ಮಡಿಸುವುದರಿಂದ ಡಿಸ್ಕಿಗೆ ಆಗುವ ಹಾನಿಯನ್ನು ಹಂದಿಯ ಬೆನ್ನುಮೂಳೆಯ ಮೇಲೆ ಪರೀಕ್ಷಿಸಿ ನೋಡಿದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್, ಬಾಗದೆ ತಡೆದುಕೊಳ್ಳುವ ಮೂರು ಸರಳ ವ್ಯಾಯಾಮಗಳನ್ನು ಹೇಳುತ್ತಾರೆ: ಬೆನ್ನನ್ನು ಮಡಿಸದೆ ತಲೆ ಮತ್ತು ಭುಜವನ್ನಷ್ಟೇ ತುಸು ಎತ್ತುವುದು, ಸೈಡ್ ಪ್ಲ್ಯಾಂಕ್ (ಒಂದು ಪಕ್ಕಕ್ಕೆ ತಿರುಗಿ ಮಾಡುವ ಪ್ಲ್ಯಾಂಕ್), ಬರ್ಡ್ ಡಾಗ್ (ಕೈಮೊಣಕಾಲೂರಿ ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಚಾಚುವುದು). ಒಂದೊಂದು ಹಿಡಿತವೂ ಹತ್ತು ಸೆಕೆಂಡಿನ ಒಳಗೆ. ನಾಲ್ಕು ನಿಮಿಷ ಪ್ಲ್ಯಾಂಕಿನಲ್ಲಿ ನಡುಗುತ್ತಾ ನಿಲ್ಲುವ ಪಂದ್ಯಗಳು ನನಗೆ ಈಗ ವ್ಯರ್ಥವೆನಿಸುತ್ತವೆ. ಆದರೂ ಈ ವ್ಯಾಯಾಮಗಳಿಂದಲೇ ದೂರ ಹೆಚ್ಚುತ್ತದೆ ಎಂದು ಅವಳಿಗೆ ಮಾತು ಕೊಡಲಾರೆ. ಕೋರ್ ಪರೀಕ್ಷೆಯ ಅಂಕಕ್ಕೂ ಮೈದಾನದ ಸಾಧನೆಗೂ ಸಂಶೋಧನೆಗಳಲ್ಲಿ ಕಾಣುವ ನಂಟು ಅಷ್ಟೇನೂ ಗಟ್ಟಿಯಲ್ಲ. ಆದುದರಿಂದ ನೆಲದ ಮೇಲಿನ ವ್ಯಾಯಾಮವನ್ನು ಹತ್ತು ನಿಮಿಷಕ್ಕೆ ಇಳಿಸಿ, ಮೆಡಿಸಿನ್ ಬಾಲ್ ಎಂಬ ಭಾರದ ಚೆಂಡಿನ ಎಸೆತ, ಒಂದೇ ಕೈಯಲ್ಲಿ ಭಾರ ಹಿಡಿದು ನೇರವಾಗಿ ನಡೆಯುವುದು, ಮೂರೇ ಹೆಜ್ಜೆಯ ಓಟದಿಂದ ಎಸೆಯುವುದು ಇವುಗಳಿಗೆ ಸಮಯ ಕೊಡುವುದೆಂದು ಬರೆದಿಟ್ಟಿದ್ದೇನೆ.

ವಿಡಿಯೋವನ್ನು ಅವಳಿಗೂ ತೋರಿಸಿದೆ. ಎರಡು ಸಲ ನೋಡಿ, "ಸರ್, ಮೊನ್ನೆಯವರೆಗೆ ದಿನಕ್ಕೆ ನೂರು ಸಿಟ್‌ಅಪ್ ಮಾಡಿಸಿದ್ದು ನೀವೇ ಅಲ್ವಾ?" ಎಂದಳು.

"ಹೌದು ಮಾರಾಯ್ತಿ, ನಾನೇ" ಎಂದೆ. ಮಂಗಳವಾರ ಇದೇ ಜಾಗದಲ್ಲಿ ನಿಂತು ಮತ್ತೊಮ್ಮೆ ಚಿತ್ರೀಕರಿಸುವುದಿದೆ. ಮೊಬೈಲ್ ಇಟ್ಟಿದ್ದಲ್ಲಿ ಸುಣ್ಣದ ಗುರುತು ಹಾಕಿ ಬಂದಿದ್ದೇನೆ.