ಹಳೆಯ ಎಂಎಕ್ಸ್-5: ಹಿಂದಿನವರ ಸುಧಾರಣೆಗಳನ್ನು ಕಳಚಿದ ಒಂದು ವರ್ಷ

ನನ್ನ ಕೈಗೆ ಬಂದಾಗಲೇ ಈ ಕಾರಿಗೆ ಹಿಂದಿನ ಮಾಲೀಕರು ಮಾಡಿಸಿದ ಸುಧಾರಣೆಗಳು ಬೇಕಾದಷ್ಟಿದ್ದವು. 1992ರ ಮಾಡೆಲ್ಲಿನ ಮಾಜ್ಡಾ ಎಂಎಕ್ಸ್-5, ಮೊದಲ ತಲೆಮಾರಿನದು, 1.6 ಲೀಟರಿನ ಎಂಜಿನ್, ಐದು ಗೇರು, ಬಟನ್ ಒತ್ತಿದರೆ ಕಪ್ಪೆಯ ಕಣ್ಣಿನಂತೆ ಮೇಲೇಳುವ ಹೆಡ್‌ಲೈಟುಗಳು. ಅದಕ್ಕೆ 17 ಇಂಚಿನ ಚಕ್ರಗಳನ್ನು ತೊಡಿಸಲಾಗಿತ್ತು, ಸ್ಪ್ರಿಂಗುಗಳನ್ನು ಒಂದೂವರೆ ಸುತ್ತಿನಷ್ಟು ಕತ್ತರಿಸಿ ಕಾರನ್ನು ತಗ್ಗಿಸಲಾಗಿತ್ತು, ಸೈಲೆನ್ಸರ್ ಇರಬೇಕಾದ ಜಾಗದಲ್ಲಿ ಹೆಚ್ಚುಕಡಿಮೆ ಬರಿಯ ಕೊಳವೆಯೇ ಇತ್ತು. ನೋಡುವುದಕ್ಕೆ ವೇಗದ ಕಾರು, ಓಡಿಸುವುದಕ್ಕೆ ಎತ್ತಿನ ಗಾಡಿ. ಇದಕ್ಕೆ ಇನ್ನೇನನ್ನು ಸೇರಿಸಲಿ ಎಂದು ಯೋಚಿಸುತ್ತ ಆರಂಭಿಸಿದ ನಾನು ಕಳೆದ ಒಂದು ವರ್ಷದಲ್ಲಿ ಸೇರಿಸಿದ್ದಕ್ಕಿಂತ ತೆಗೆದುಹಾಕಿದ್ದೇ ಹೆಚ್ಚು.

ಈ ಕಾರು 1989ರ ಫೆಬ್ರವರಿಯಲ್ಲಿ ಶಿಕಾಗೋ ಮೋಟಾರು ಪ್ರದರ್ಶನದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತು. ಮುಖ್ಯ ಎಂಜಿನಿಯರ್ ತೋಶಿಹಿಕೊ ಹಿರಾಯ್ ಅವರ ತಂಡ ಇದನ್ನು ರೂಪಿಸಿದ್ದು 'ಜಿನ್ಬಾ ಇತ್ತಾಯ್', ಅಂದರೆ ಕುದುರೆಯೂ ಸವಾರನೂ ಒಂದೇ ಮೈ, ಎಂಬ ಕಲ್ಪನೆಯ ಮೇಲೆ. ಮಾರಾಟದ ಮಾತಿನಂತೆ ಕೇಳಿಸುವ ಈ ಕಲ್ಪನೆಯ ಹಿಂದೆ ನಿಜವಾದ ಲೋಹದ ಕೆಲಸವಿದೆ ಎಂಬುದು ಕಾರಿನ ಕೆಳಗೆ ಮಲಗಿದಾಗ ತಿಳಿಯುತ್ತದೆ. ನಾಲ್ಕೂ ಚಕ್ರಗಳಿಗೆ, ಮೇಲೊಂದು ಕೆಳಗೊಂದು ತೋಳಿನಿಂದ ಚಕ್ರವನ್ನು ಹಿಡಿಯುವ ಡಬಲ್ ವಿಶ್‌ಬೋನ್ ಸಸ್ಪೆನ್ಶನ್ ಇದೆ. ಗೇರ್‌ಬಾಕ್ಸನ್ನೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನೂ ಒಂದು ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು ಬಿಗಿಯಾಗಿ ಹಿಡಿದಿದೆ. ತೂಕ ಒಂದು ಟನ್ನಿಗಿಂತ ಕಡಿಮೆ. ಎಂಜಿನ್ನಿನ ಶಕ್ತಿ ಸುಮಾರು 115 ಅಶ್ವಶಕ್ತಿ ಮಾತ್ರ. ಇಷ್ಟು ಸಣ್ಣ ಶಕ್ತಿಯನ್ನು ನಂಬಿ ಕಟ್ಟಿದ ಕಾರಿನಲ್ಲಿ ತೂಕ, ಟೈರು, ಸಸ್ಪೆನ್ಶನ್ನುಗಳ ಲೆಕ್ಕ ಸ್ವಲ್ಪ ತಪ್ಪಿದರೂ ಅದು ನೇರವಾಗಿ ಚಾಲಕನ ಕೈಗೂ ಬೆನ್ನಿಗೂ ತಿಳಿದುಬಿಡುತ್ತದೆ.

ಕೆಲಸ ಆರಂಭವಾದದ್ದು ಎಂಜಿನ್ನಿನಿಂದಲ್ಲ, ನೀರಿನಿಂದ. ಸೀಟುಗಳ ಹಿಂದಿನ ಕಾರ್ಪೆಟ್ ಸದಾ ಒದ್ದೆಯಾಗಿರುತ್ತಿತ್ತು. ಬಟ್ಟೆಯ ಮೇಲ್ಛಾವಣಿ ಸೋರುತ್ತಿದೆ ಎಂದುಕೊಂಡು ಅದರ ಹೊಲಿಗೆಗಳನ್ನೆಲ್ಲ ಪರೀಕ್ಷಿಸಿದ್ದಾಯಿತು. ಆದರೆ ನೀರು ಬರುತ್ತಿದ್ದ ದಾರಿಯೇ ಬೇರೆಯಾಗಿತ್ತು. ಛಾವಣಿಯ ಮೇಲೆ ಬಿದ್ದ ಮಳೆನೀರು ಎರಡೂ ಬದಿಯ ಸೀಟ್‌ಬೆಲ್ಟಿನ ಹಿಂದಿರುವ ಕೊಳವೆಗಳ ಮೂಲಕ ಕಾರಿನ ಅಡಿಗೆ ಹರಿದುಹೋಗಬೇಕು. ಆ ಕೊಳವೆಗಳು ಕಟ್ಟಿಕೊಂಡರೆ ನೀರು ಒಳಕ್ಕೆ ಉಕ್ಕಿ, ಬಾಗಿಲ ಕೆಳಗಿನ ತೊಲೆಯಂತಹ ಟೊಳ್ಳು ಭಾಗದೊಳಗೆ ಇಳಿದು, ಕಣ್ಣಿಗೆ ಕಾಣದ ಜಾಗದಲ್ಲಿ ತುಕ್ಕು ಹಿಡಿಸುತ್ತದೆ. ದಪ್ಪ ನೈಲಾನ್ ದಾರವನ್ನು ಮೇಲಿನಿಂದ ತೂರಿಸಿ ಮೆಲ್ಲಗೆ ತಿರುವಿದೆ. ಮೊದಲು ಏನೂ ಆಗಲಿಲ್ಲ, ಆಮೇಲೆ ಗೊಳಕ್ಕೆಂದು ಒಂದು ಲೋಟದಷ್ಟು ಕಪ್ಪು ರಾಡಿ, ಕೊಳೆತ ಎಲೆ, ಪೈನ್ ಮರದ ಸೂಜಿಗಳೊಂದಿಗೆ ಹಿಂದಿನ ಚಕ್ರದ ಮುಂದೆ ಸುರಿಯಿತು. ಎಡಬದಿಯ ತಗಡು ಬೆರಳಿನಿಂದ ಒತ್ತಿದರೆ ಕುಸಿಯುವಷ್ಟು ಹಾಳಾಗಿತ್ತು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯುವ ಕೆಲಸವನ್ನು ಮಾತ್ರ ನುರಿತವರ ಕೈಗೆ ಒಪ್ಪಿಸಿದೆ. ಕಾರಿನ ಬಿಗಿತವೇ ನಿಂತಿರುವ ಭಾಗದಲ್ಲಿ ನನ್ನ ಹವ್ಯಾಸದ ವೆಲ್ಡಿಂಗನ್ನು ನಂಬುವ ಧೈರ್ಯ ನನಗಿರಲಿಲ್ಲ.

ಡಿಕ್ಕಿಯಲ್ಲಿ ಇನ್ನೊಂದು ತುಕ್ಕು ಕಾದಿತ್ತು. ಈ ಕಾರಿನ ಬ್ಯಾಟರಿ ಇರುವುದು ಡಿಕ್ಕಿಯೊಳಗೆ, ಆದ್ದರಿಂದ ಅನಿಲವನ್ನು ಕೊಳವೆಯ ಮೂಲಕ ಹೊರಗೆ ಬಿಡುವ ಮುಚ್ಚಿದ ಬಗೆಯ ಬ್ಯಾಟರಿಯನ್ನೇ ಹಾಕಬೇಕು. ಯಾರೋ ಸಾಧಾರಣ ಬ್ಯಾಟರಿಯನ್ನು ಇಟ್ಟಿದ್ದರಿಂದ ಆಮ್ಲದ ಆವಿ ಸುತ್ತಲಿನ ಬಣ್ಣವನ್ನೆಲ್ಲ ತಿಂದುಹಾಕಿತ್ತು. ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಉಜ್ಜಿ, ಪ್ರೈಮರ್ ಬಳಿದು, ಸರಿಯಾದ ಬ್ಯಾಟರಿಯನ್ನು ಇಟ್ಟು ಮುಗಿಸಿದೆ.

ಎಂಜಿನ್ನಿನ ಸರದಿ ಅದರ ನಂತರ ಬಂತು. ಮೊದಲ ವರ್ಷಗಳ 1.6 ಎಂಜಿನ್ನುಗಳಲ್ಲಿ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮೂಗು, ಅಂದರೆ ಮುಂತುದಿ, ಗಿಡ್ಡವಾಗಿದ್ದು, ಅದರ ಬೋಲ್ಟ್ ಸಡಿಲಗೊಂಡರೆ ಕೀಲಿ ಕೂರುವ ತೋಡೇ ಸವೆದು ಪುಲಿ ಓಲಾಡತೊಡಗುತ್ತದೆ ಎಂಬುದು ಈ ಕಾರಿನವರಿಗೆಲ್ಲ ಗೊತ್ತಿರುವ ಸಂಗತಿ. ಮುಂಭಾಗದ ಪುಲಿಯಲ್ಲಿ ನಾಲ್ಕು ಸೀಳುಗಳಿದ್ದರೆ ಗಿಡ್ಡ ಮೂಗು, ಎಂಟಿದ್ದರೆ ಉದ್ದ ಮೂಗು. ಟಾರ್ಚ್ ಹಿಡಿದು ಎಣಿಸಿದೆ, ಎಂಟು. ಒಂದು ಚಿಂತೆ ಕಳೆಯಿತು. ಕ್ರ್ಯಾಂಕಿನ ತಿರುಗನ್ನು ವಾಲ್ವು ತೆರೆಯುವ ಕ್ಯಾಮ್ ದಂಡಗಳಿಗೆ ಮುಟ್ಟಿಸುವ ಟೈಮಿಂಗ್ ಬೆಲ್ಟನ್ನು ಯಾವಾಗ ಬದಲಾಯಿಸಲಾಗಿತ್ತು ಎಂಬುದಕ್ಕೆ ದಾಖಲೆಯೇ ಇರಲಿಲ್ಲವಾದ್ದರಿಂದ ಬೆಲ್ಟು, ಬಿಗಿಯುವ ರೋಲರುಗಳು, ಸೀಲುಗಳು ಮತ್ತು ವಾಟರ್ ಪಂಪನ್ನು ಒಟ್ಟಿಗೇ ಬದಲಾಯಿಸಿದೆ. ಪಂಪನ್ನು ತಿರುಗಿಸುವುದು ಹೊರಗಿನ ಬೆಲ್ಟೇ ಆದರೂ ಅದನ್ನು ತೆಗೆಯಬೇಕಾದರೆ ಟೈಮಿಂಗ್ ಬೆಲ್ಟನ್ನು ಕಳಚಲೇಬೇಕು. ಅದೇ ಕೆಲಸವನ್ನು ಎರಡು ಸಲ ಮಾಡುವ ಉತ್ಸಾಹ ಯಾರಿಗೂ ಇರುವುದಿಲ್ಲ.

ಎರಡು ಸಲ ಮಾಡುವುದು ಆದರೂ ತಪ್ಪಲಿಲ್ಲ. ಇನ್‌ಟೇಕ್ ಪುಲಿಯ 'ಐ' ಗುರುತಿಗೂ ಎಕ್ಸಾಸ್ಟ್ ಪುಲಿಯ 'ಇ' ಗುರುತಿಗೂ ನಡುವೆ ಬೆಲ್ಟಿನ 19 ಹಲ್ಲುಗಳಿರಬೇಕು. ನಾನು ಎಣಿಸಿ, ಬಿಗಿದು, ಮುಚ್ಚಳ ಹಾಕಿ, ರೇಡಿಯೇಟರ್ ಜೋಡಿಸಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಶುರುವಾಯಿತು, ಆದರೆ ಕೆಮ್ಮುತ್ತಿತ್ತು. ಮತ್ತೆ ಎಲ್ಲವನ್ನೂ ಬಿಚ್ಚಿ ಎಣಿಸಿದರೆ 18. ಬೆಲ್ಟಿನ ಸಡಿಲವನ್ನು ರೋಲರಿನ ಬದಿಗೆ ಪೂರ್ತಿ ತಂದುಕೊಳ್ಳದೆ ಬಿಗಿದದ್ದರಿಂದ ಒಂದು ಕ್ಯಾಮ್ ಹಲ್ಲಿನಷ್ಟು ಜಾರಿತ್ತು. ಈ 1.6 ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೂ ವಾಲ್ವು ಪಿಸ್ಟನ್ನಿಗೆ ಬಡಿಯುವುದಿಲ್ಲ, ಆದ್ದರಿಂದ ನಷ್ಟವಾದದ್ದು ನನ್ನ ಒಂದು ಭಾನುವಾರ ಮಾತ್ರ. ಎರಡನೆಯ ಸಲ ಬಿಗಿದ ಮೇಲೆ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಹಲ್ಲುಗಳಿಗೆ ಒಂದೊಂದಾಗಿ ಸೀಮೆಸುಣ್ಣದ ಚುಕ್ಕೆ ಇಟ್ಟು ಎಣಿಸಿದೆ. ಬಳಿಕ ಬಾನೆಟ್ಟಿನೊಳಗಿನ ಪರೀಕ್ಷಾ ಪೆಟ್ಟಿಗೆಯಲ್ಲಿ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿ ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಗಳಿಗೆಯನ್ನು, ನೋಡಿದೆ. ಕಂಪನಿಯ ಲೆಕ್ಕ 10 ಡಿಗ್ರಿ. ಹಲವು ಹವ್ಯಾಸಿಗಳು ಅದನ್ನು 14ಕ್ಕೆ ಏರಿಸುತ್ತಾರೆ, ನಾನೂ ಹಾಗೆಯೇ ಮಾಡಿದೆ. ಕೆಳ ವೇಗದಲ್ಲಿ ಎಳೆತ ಚುರುಕಾದದ್ದು ನಿಜ, ಆದರೆ ಬಿಸಿಲಿನಲ್ಲಿ ಏರು ಹತ್ತುವಾಗ ಎಂಜಿನ್ ಕಟಕಟ ಎನ್ನತೊಡಗಿದ್ದರಿಂದ 12ಕ್ಕೆ ಇಳಿಸಿ ಅಲ್ಲಿಯೇ ಬಿಟ್ಟಿದ್ದೇನೆ. ಎಂಜಿನ್ ತಲೆಯ ಹಿಂಬದಿಯಲ್ಲಿರುವ ಕ್ಯಾಮ್ ಆ್ಯಂಗಲ್ ಸೆನ್ಸರಿನ ಓ-ರಿಂಗ್ ಗಟ್ಟಿಯಾಗಿ ಆಯಿಲ್ ಸೋರುತ್ತಿತ್ತು, ಕ್ಲಚ್ಚಿನ ಸ್ಲೇವ್ ಸಿಲಿಂಡರ್ ತೇವಗೊಂಡಿತ್ತು. ಎರಡೂ ಅಗ್ಗದ, ಬೇಗ ಮುಗಿಯುವ ಕೆಲಸಗಳು.

ಇನ್ನು ಈ ವರ್ಷದ ಮುಖ್ಯ ಕೆಲಸಕ್ಕೆ ಬರುತ್ತೇನೆ. ಕತ್ತರಿಸಿದ ಸ್ಪ್ರಿಂಗುಗಳು ಮಾಡುವ ಹಾನಿ ಏನು ಎಂಬುದನ್ನು ಅಳೆದು ನೋಡದೆ ತೆಗೆಯಬಾರದೆಂದು ಶಾಕ್ ಅಬ್ಸಾರ್ಬರಿನ ದಂಡಕ್ಕೆ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಬಿಗಿಯಾಗಿ ಕಟ್ಟಿ ಓಡಿಸಿದೆ. ದಂಡ ಒಳಗೆ ಸರಿದಷ್ಟೂ ಪಟ್ಟಿ ದಂಡದಗುಂಟ ಮೇಲಕ್ಕೆ ತಳ್ಳಲ್ಪಡುತ್ತದೆ. ಕಾರು ಸುಮ್ಮನೆ ನಿಂತಾಗಲೇ ಬಂಪ್ ಸ್ಟಾಪ್ ಎಂಬ ರಬ್ಬರಿನ ತಡೆಗೂ ಶಾಕಿನ ಮೈಗೂ ನಡುವೆ ಉಳಿದಿದ್ದುದು ಎರಡು ಬೆರಳಿನ ಅಗಲದಷ್ಟೂ ಅಲ್ಲ. ತಿರುವಿನಲ್ಲಿ ಕಾರು ವಾಲುತ್ತಿದ್ದಂತೆ ಹೊರಬದಿಯ ಚಕ್ರ ಆ ರಬ್ಬರಿನ ಮೇಲೆ ಕುಳಿತುಬಿಡುತ್ತಿತ್ತು. ಆ ಕ್ಷಣದಲ್ಲಿ ಸ್ಪ್ರಿಂಗಿನ ಮೃದುವಾದ ಪ್ರತಿರೋಧ ಮುಗಿದು ಒಮ್ಮೆಲೇ ಕಲ್ಲಿನಂತಹ ಗಡಸುತನ ಎದುರಾಗುತ್ತದೆ, ಟೈರಿನ ಮೇಲಿನ ಭಾರ ಹಠಾತ್ತನೆ ಬದಲಾಗುತ್ತದೆ, ರಸ್ತೆಯ ಸಣ್ಣ ಉಬ್ಬಿಗೂ ಕಾರು ಪಕ್ಕಕ್ಕೆ ನೆಗೆಯುತ್ತದೆ. ಗಡುಸಾಗಿದೆ ಎಂದು ಹಿಂದಿನವರಿಗೆ ಮೆಚ್ಚುಗೆಯಾಗಿದ್ದದ್ದು ಬಹುಶಃ ಇದೇ.

ಹೊಸದಾಗಿ ತಂದದ್ದು ಮೂಲಕ್ಕಿಂತ ತುಸು ಗಡುಸಾದ ಸ್ಪ್ರಿಂಗುಗಳು, ಅವುಗಳಿಗೆ ಹೊಂದುವ, ಗಡಸುತನವನ್ನು ತಿರುವಿ ಹೊಂದಿಸಬಹುದಾದ ಶಾಕುಗಳು, ಹೊಸ ಬಂಪ್ ಸ್ಟಾಪುಗಳು ಮತ್ತು ಎಲ್ಲ ತೋಳುಗಳ ಕೀಲುಗಳಲ್ಲಿ ಮೆತ್ತೆಯಂತೆ ಕೂರುವ ರಬ್ಬರ್ ಬುಶ್ಶುಗಳು. ಪಾಲಿಯುರೆಥೇನ್ ಬುಶ್ಶುಗಳನ್ನು ಹಾಕುವ ಆಸೆ ಇತ್ತು. ಆದರೆ ಅವುಗಳಿಗೆ ಆಗಾಗ ಗ್ರೀಸ್ ಉಣಿಸದಿದ್ದರೆ ಕಿರುಗುಟ್ಟುತ್ತವೆ, ಮತ್ತು ನನ್ನ ಸೋಮಾರಿತನ ನನಗೆ ಚೆನ್ನಾಗಿ ಗೊತ್ತು. ಕೆಳತೋಳುಗಳನ್ನು ಹಿಡಿದಿರುವ ಕ್ಯಾಮ್ ಬೋಲ್ಟುಗಳೇ ಚಕ್ರದ ಕೋನಗಳನ್ನೂ ಹೊಂದಿಸುವ ಬೋಲ್ಟುಗಳು. ಎಂಟರಲ್ಲಿ ಐದು ಸಲೀಸಾಗಿ ಬಂದವು, ಎರಡು ಬೈಸಿಕೊಂಡು ಬಂದವು, ಕೊನೆಯದು ಬುಶ್ಶಿನೊಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡು ಕುಳಿತಿತ್ತು. ಮೂರು ದಿನ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ, ಕಾಯಿಸಿದೆ, ಸುತ್ತಿಗೆಯಿಂದ ಬಡಿದೆ. ಸ್ಪ್ಯಾನರ್ ಹಾಕಿ ತಿರುವಿದರೆ ಬೋಲ್ಟಿನ ಜೊತೆ ಇಡೀ ರಬ್ಬರ್ ಸುತ್ತಿಕೊಂಡು, ಕೈ ಬಿಟ್ಟೊಡನೆ ಸ್ಪ್ರಿಂಗಿನಂತೆ ಹಿಂದಕ್ಕೆ ಬರುತ್ತಿತ್ತು. ಕಡೆಗೆ ವಿದ್ಯುತ್ ಗರಗಸದ ಉದ್ದನೆಯ ಬ್ಲೇಡನ್ನು ತೋಳಿಗೂ ಚೌಕಟ್ಟಿಗೂ ನಡುವಿನ ಸಂದಿಗೆ ಇಳಿಸಿ ಬೋಲ್ಟನ್ನು ಎರಡೂ ಕಡೆ ಕತ್ತರಿಸಿದೆ. ಹೊಸ ಬೋಲ್ಟುಗಳಿಗೆ ತುಕ್ಕು ತಡೆಯುವ ಗ್ರೀಸನ್ನು ಧಾರಾಳವಾಗಿ ಬಳಿದಿದ್ದೇನೆ.

ರಬ್ಬರ್ ಬುಶ್ಶುಗಳ ಬೋಲ್ಟನ್ನು ಚಕ್ರ ತೂಗುತ್ತಿರುವಾಗ ಕೊನೆಯ ಬಿಗಿತಕ್ಕೆ ತರಬಾರದು. ಹಾಗೆ ಮಾಡಿದರೆ ಕಾರನ್ನು ನೆಲಕ್ಕಿಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು, ಅದೇ ಸ್ಥಿತಿಯಲ್ಲಿ ದಿನವಿಡೀ ಎಳೆಸಿಕೊಂಡು, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕಾರನ್ನು ಅದರ ಚಕ್ರಗಳ ಮೇಲೆಯೇ, ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಕೆಳಗೆ ತೆವಳಿ ಟಾರ್ಕ್ ರೆಂಚಿನಿಂದ ಬಿಗಿದೆ. ನಂತರ ಕಾರಿನ ಎರಡೂ ಬದಿಗೆ ದಾರ ಕಟ್ಟಿ, ಚಾಲಕನ ಸೀಟಿನಲ್ಲಿ ನನ್ನ ತೂಕದಷ್ಟು ಮರಳಿನ ಚೀಲಗಳನ್ನಿಟ್ಟು ಅಲೈನ್‌ಮೆಂಟ್ ಮಾಡಿದೆ. ಮುಂದಿನ ಚಕ್ರಗಳ ತಲೆ ಒಂದು ಡಿಗ್ರಿ ಒಳಕ್ಕೆ ವಾಲಿದೆ, ಹಿಂದಿನವು ಒಂದೂವರೆ. ಮುಂದಿನ ಚಕ್ರಗಳು ನೆಟ್ಟಗೆ ನೋಡುತ್ತವೆ, ಹಿಂದಿನವು ಒಟ್ಟು 2 ಮಿ.ಮೀ. ಒಳಮುಖ. ಹಿಂದಿನ ಚಕ್ರಗಳ ಈ ಪುಟ್ಟ ಒಳಮುಖವೇ ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಕಾರಿನ ಬಾಲ ಬೀಸದಂತೆ ಹಿಡಿದಿಡುತ್ತದೆ.

ಚಕ್ರಗಳ ವಿಷಯದಲ್ಲಿ ಲೆಕ್ಕವೇ ತೀರ್ಪು ಕೊಟ್ಟಿತು. ಮೂಲ ಟೈರು 185/60 ಆರ್14, ಅದರ ವ್ಯಾಸ ಸುಮಾರು 578 ಮಿ.ಮೀ. ಕಾರಿನ ಮೇಲಿದ್ದ 205/40 ಆರ್17ರ ವ್ಯಾಸ ಸುಮಾರು 596. ಅಂದರೆ ಪ್ರತಿ ಗೇರೂ ಶೇಕಡ ಮೂರರಷ್ಟು ಉದ್ದವಾಗಿ, ಮೊದಲೇ ಕಡಿಮೆಯಿರುವ ಎಳೆತ ಇನ್ನಷ್ಟು ಕುಗ್ಗಿತ್ತು. ಸ್ಪೀಡೋಮೀಟರ್ ಕೂಡ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವತ್ತ ವಾಲಿತ್ತು. ನಾನು ಆರಿಸಿದ 195/50 ಆರ್15ರ ವ್ಯಾಸ 576, ಮೂಲಕ್ಕೆ ಎರಡು ಮಿಲಿಮೀಟರೂ ವ್ಯತ್ಯಾಸವಿಲ್ಲ. ಸ್ನಾನದ ಕೋಣೆಯ ತೂಕದ ಯಂತ್ರದ ಮೇಲೆ ಇಟ್ಟು ನೋಡಿದಾಗ ಒಂದೊಂದು ಚಕ್ರವೂ ಹಳೆಯದಕ್ಕಿಂತ 5 ಕೆ.ಜಿ. ಹಗುರ. ತಿರುಗುವ, ಸ್ಪ್ರಿಂಗಿನ ಕೆಳಗೇ ಇರುವ ಈ ತೂಕ ಇಳಿದದ್ದು ಮೊದಲ ಹಳ್ಳದಲ್ಲಿಯೇ ತಿಳಿಯಿತು.

ಬ್ರೇಕಿನಲ್ಲಿ ಪೆದ್ದನಾದ ಕಥೆಯೊಂದಿದೆ. ಹೊಸ ಪ್ಯಾಡು, ಉಕ್ಕಿನ ಹೆಣಿಗೆಯ ಹೋಸು, ಡಾಟ್ 4 ಬ್ರೇಕ್ ಆಯಿಲ್ ಎಲ್ಲವನ್ನೂ ಹಾಕಿದ ಮೇಲೂ ಪೆಡಲ್ ಅರ್ಧದವರೆಗೆ ಸುಮ್ಮನೆ ಇಳಿಯುತ್ತಿತ್ತು. ಗಾಳಿ ಉಳಿದಿದೆ ಎಂದು ಮೂರು ಸಲ ಆಯಿಲ್ ಹೊರಬಿಟ್ಟು ಬ್ಲೀಡ್ ಮಾಡಿದೆ. ಒಂದೂ ಗುಳ್ಳೆ ಬರಲಿಲ್ಲ. ತಪ್ಪಿದ್ದದ್ದು ಪ್ಯಾಡನ್ನು ಡಿಸ್ಕಿಗೆ ಒತ್ತುವ ಹಿಂದಿನ ಕ್ಯಾಲಿಪರುಗಳಲ್ಲಿ. ಅವುಗಳ ಹಿಂಬದಿಯ ಮುಚ್ಚಳದ ಬೋಲ್ಟನ್ನು ತೆಗೆದರೆ ಒಳಗೆ 4 ಮಿ.ಮೀ. ಆಲನ್ ಕೀ ಹಿಡಿಯುವ ತಿರುಪೊಂದಿದೆ. ಪ್ಯಾಡು ಡಿಸ್ಕನ್ನು ಕಚ್ಚಿ ನಿಲ್ಲುವವರೆಗೆ ಅದನ್ನು ತಿರುವಿ, ಒಂದು ಸುತ್ತಿನ ಮೂರನೆಯ ಒಂದು ಭಾಗದಷ್ಟು ಹಿಂದಕ್ಕೆ ಬಿಡಬೇಕು. ಹೊಸ ಪ್ಯಾಡಿಗಾಗಿ ಪಿಸ್ಟನ್ನನ್ನು ಹಿಂದಕ್ಕೆ ಸರಿಸಿದ ನಾನು ಈ ಹೊಂದಿಕೆಯನ್ನು ಮರೆತಿದ್ದೆ. ಐದು ನಿಮಿಷದಲ್ಲಿ ಪೆಡಲೂ ಹ್ಯಾಂಡ್‌ಬ್ರೇಕೂ ಮೇಲೆ ಬಂದವು. ಡಾಟ್ 4 ಆಯಿಲಿನ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್, ತೇವ ಹೀರಿಕೊಂಡ ಮೇಲೆ 155. ಆದ್ದರಿಂದ ದೊಡ್ಡ ಡಿಸ್ಕುಗಳಿಗಿಂತ ವರ್ಷಕ್ಕೊಮ್ಮೆ ಹೊಸ ಆಯಿಲ್ ಹಾಕುವುದೇ ನನ್ನ ಓಡಾಟಕ್ಕೆ ಹೆಚ್ಚು ಉಪಯುಕ್ತವೆಂದು ಮೂಲದ 235 ಮಿ.ಮೀ. ಡಿಸ್ಕುಗಳನ್ನೇ ಉಳಿಸಿಕೊಂಡೆ.

ಟರ್ಬೊ ಯಾವಾಗ ಎಂದು ಕೇಳುವವರಿದ್ದಾರೆ. ಅದನ್ನು ಹಾಕಿದರೆ ರೇಡಿಯೇಟರು, ಇಂಜೆಕ್ಟರು, ಕ್ಲಚ್ಚು, ಆಮೇಲೆ ಡಿಫರೆನ್ಷಿಯಲ್ಲು ಎಂದು ಪಟ್ಟಿ ಬೆಳೆಯುತ್ತದೆ, ನಾನು ಈ ವರ್ಷ ಕಷ್ಟಪಟ್ಟು ಇಳಿಸಿದ ತೂಕ ಮತ್ತೆ ಏರುತ್ತದೆ. ಹಣ ಒಟ್ಟುಗೂಡಿದರೆ ಮೊದಲು, ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಕಮಾನಾದ ರೋಲ್ ಬಾರ್ ಬರಲಿದೆ, ಏಕೆಂದರೆ ಛಾವಣಿ ತೆರೆದು ರೇಸ್ ಟ್ರ್ಯಾಕಿಗೆ ಇಳಿಯುವಾಗ ನನ್ನ ತಲೆಗೂ ನೆಲಕ್ಕೂ ನಡುವೆ ವಿಂಡ್‌ಶೀಲ್ಡಿನ ಚೌಕಟ್ಟೊಂದೇ ಇದೆ ಎಂಬುದು ಹಿತವಾದ ಯೋಚನೆಯಲ್ಲ.

ಸದ್ಯಕ್ಕೆ ಉಳಿದಿರುವುದು ಗೇರ್ ಲಿವರಿನ ಬುಡ. ತಣ್ಣಗಿರುವಾಗ ಎರಡನೆಯ ಗೇರು ಮುನಿಸಿಕೊಳ್ಳುತ್ತಿತ್ತು, ಲಿವರಿನ ಸುತ್ತಲಿಂದ ಬಿಸಿಗಾಳಿ ಒಳಕ್ಕೆ ನುಗ್ಗುತ್ತಿತ್ತು. ನಿನ್ನೆ ಬಿಚ್ಚಿ ನೋಡಿದಾಗ ಕೆಳಗಿನ ರಬ್ಬರ್ ಬೂಟು ಸುತ್ತಲೂ ಹರಿದು ಉಂಗುರವಾಗಿತ್ತು, ಆಯಿಲ್ ಇರಬೇಕಾದ ಬಟ್ಟಲು ಒಣಗಿತ್ತು, ಲಿವರಿನ ತುದಿಯ ನೈಲಾನ್ ಬುಶ್ಶು ನಾಲ್ಕು ಚೂರಾಗಿ ಕೈಗೆ ಬಂತು. ಹೊಸ ಬೂಟು, ಬುಶ್ಶು ಮತ್ತು 75ಡಬ್ಲ್ಯು-90 ಗೇರ್ ಆಯಿಲ್ ಬರುವವರೆಗೆ ಕಾರು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿದೆ. ಗೇರ್ ಲಿವರ್ ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಡಿಕ್ಕಿಯಲ್ಲಿ ಮಲಗಿದೆ.