ಹತ್ತು ಅಂದ್ರೆ, ಹತ್ತು ಏನು?

ತಿಪಟೂರು ಕಡೆಯ ಹಳ್ಳಿ ಶಾಲೆ ನಮ್ಮದು. ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳದು ತೆಂಗಿನ ತೋಟದ ಮನೆ. ಲೆಕ್ಕವೆಲ್ಲ ಸರಿಯಾಗಿ ಮಾಡಿ ಕೊನೆಗೆ ಬರೀ ‘ಉತ್ತರ: 10’ ಅಂತ ಬರೆದು ತೋರಿಸಿದರೆ, ಗಣಿತದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡೋರು. ‘ಹತ್ತು ಏನವ್ವಾ? ಹತ್ತು ಕಾಯೋ, ಹತ್ತು ಕ್ವಿಂಟಾಲ್ ಕೊಬ್ಬರಿಯೋ? ಎರಡೂ ಒಂದೇನಾ, ನಿಮ್ಮಪ್ಪನ್ನ ಕೇಳ್ಕೊಂಡು ಬಾ.’

ಕನ್ನಡ ಮೇಷ್ಟ್ರ ಮಾತೂ ನೆನಪಿದೆ. ಮಹಾಪ್ರಾಣ ಹೇಳುವಾಗ ಬಾಯಿ ಮುಂದೆ ಅಂಗೈ ಹಿಡಿಸಿ, ‘ಗಾಳಿ ತಾಗ್ಬೇಕು, ತಾಗ್ತಾ?’ ಅನ್ನೋರು. ಆದರೆ ನನ್ನ ಕೈ ಹಿಡಿದು ನಡೆಸಿದ್ದು ಆ ‘ಏನು?’ ಅನ್ನೋ ಪ್ರಶ್ನೆಯೇ.

ಒಮ್ಮೆ ಏಳು ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣಕ್ಕೆ ‘154 ಮೀಟರ್’ ಅಂತ ಬರೆದೆ. ಅರ್ಧ ಅಂಕ ಹೋಯಿತು, ಅಳು ಬಂತು. ಮೇಷ್ಟ್ರು ಬಯ್ಯಲಿಲ್ಲ. ಅಂಗಳಕ್ಕೆ ಕರೆದುಕೊಂಡು ಹೋಗಿ ಮಣ್ಣಲ್ಲಿ ಕಡ್ಡಿಯಿಂದ ಉದ್ದಕ್ಕೆ ಒಂದು ಗೆರೆ ಎಳೆದರು, ಪಕ್ಕದಲ್ಲೇ ಒಂದು ಚೌಕ. ‘ಈ ಗೆರೆ ಮೇಲೆ ರಾಗಿ ಹರವೋಕಾಗುತ್ತಾ?’ ‘ಇಲ್ಲ ಸಾರ್.’ ‘ಚೌಕದಲ್ಲಿ?’ ‘ಆಗುತ್ತೆ.’ ‘ಅದೇ ಕಣವ್ವ ಚದರ ಮೀಟರ್.’

ಈಗ ನಾನು ಬೆಂಗಳೂರಲ್ಲಿ ನರ್ಸ್. ರಾತ್ರಿ ಪಾಳಿಯಲ್ಲಿ ‘ಸಿಸ್ಟರ್, ಇನ್ಸುಲಿನ್ ಹತ್ತು’ ಅಂತ ಫೋನ್ ಬಂದರೆ ‘ಯಾವ ಇನ್ಸುಲಿನ್ ಡಾಕ್ಟರ್? ಹತ್ತು ಯೂನಿಟ್ ತಾನೇ?’ ಅಂತ ಕೇಳಿ, ತಿರುಗಿ ಹೇಳಿಸಿಕೊಂಡೇ ಬರೆಯುತ್ತೇನೆ. ಬರೆಯುವಾಗಲೂ ‘ಯೂನಿಟ್’ ಅನ್ನೋದು ಪೂರ್ತಿ ಪದ. 10ರ ಪಕ್ಕ ಅವಸರದಲ್ಲಿ ಇಂಗ್ಲಿಷಿನ ‘ಯು’ ಗೀಚಿದರೆ ಅದು ಸೊನ್ನೆಯಂತೆ ಕಂಡು 100 ಆಗಿಬಿಡಬಹುದು. ಸಿರಿಂಜೂ ಹಾಗೆಯೇ. ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ ಸಾಮಾನ್ಯವಾಗಿ ಕೆಂಪು ಮುಚ್ಚಳದ್ದು, 100 ಇರುವುದಕ್ಕೆ ಕಿತ್ತಳೆ ಬಣ್ಣದ್ದು. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ ಹತ್ತರ ಗೆರೆವರೆಗೆ ಎಳೆದರೆ ರೋಗಿಯ ಮೈಗೆ ಹೋಗೋದು 25 ಯೂನಿಟ್. ಸಕ್ಕರೆ ಒಮ್ಮೆಲೇ ಇಳಿದು ಪ್ರಾಣಕ್ಕೇ ಬರಬಹುದು.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಮೇಷ್ಟ್ರ ಮನೆಗೆ ಎಳ್ಳು ಬೆಲ್ಲ ಕೊಡೋಕೆ ಹೋಗಿದ್ದೆ. ಬಳಸದ ಎರಡೂ ಸಿರಿಂಜ್ ಚೀಲದಲ್ಲಿ ಒಯ್ದಿದ್ದೆ, ಅವರಿಗೆ ತೋರಿಸಬೇಕು ಅಂತಲೇ. ಜಗಲಿ ಮೇಲೆ ಕೂತು, ಎರಡನ್ನೂ ಬಿಸಿಲಿಗೆ ಹಿಡಿದು, ಉಗುರಿನ ತುದಿಯಿಂದ ಒಂದೊಂದೇ ಗೆರೆ ಎಣಿಸಿದರು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಕೇಳಿದರು: ‘ಹೊಸದಾಗಿ ಬರೋ ಹುಡುಗೀರಿಗೆ ಇದನ್ನ ಹೇಳ್ಕೊಡ್ತಿದೀಯ ತಾನೇ?’