ಕೇಳಿಸದ ಅಕ್ಷರಕ್ಕೆ ಬಿಟ್ಟ ಜಾಗ

ಕೊಡಗಿನಲ್ಲಿ ನಿವೃತ್ತ ಸೈನಿಕನನ್ನು ಕಂಡವರು ಮೊದಲು ಕೇಳುವುದು ಕೋವಿಯ ವಿಷಯವನ್ನೇ. ಇದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ನಾಡು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವ ಮನೆಗಳಲ್ಲಿ ಬೆಳೆದ ಮಕ್ಕಳು ಬೇರೆ ಏನನ್ನು ತಾನೇ ಕೇಳಿಯಾರು? ನಾನು 1972ರಲ್ಲಿ ಸೇರಿದ್ದು ಸೇನೆಯ ಸಿಗ್ನಲ್ಸ್ ವಿಭಾಗಕ್ಕೆ. ವೈರ್‌ಲೆಸ್ ಆಪರೇಟರ್ ಆಗಿ ಕಳೆದ ಹದಿನೇಳು ವರ್ಷಗಳಲ್ಲಿ ರೈಫಲ್‌ಗಿಂತ ಪೆನ್ಸಿಲ್ ಹಿಡಿದ ಹೊತ್ತೇ ಹೆಚ್ಚು. ಆ ಪೆನ್ಸಿಲ್ ಕಲಿಸಿದ ಒಂದು ಶಿಸ್ತಿನ ಬಗ್ಗೆ ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

1911ರ ಫೆಬ್ರವರಿ 15ರಂದು ಹುಟ್ಟಿದ ನಮ್ಮ ವಿಭಾಗದ ಧ್ಯೇಯವಾಕ್ಯ ‘ತೀವ್ರ ಚೌಕಸ್’. ಸುದ್ದಿ ಬೇಗ ತಲುಪಬೇಕು, ಎಚ್ಚರದಿಂದಲೂ ತಲುಪಬೇಕು. ಜಬಲ್ಪುರದ ತರಬೇತಿ ಕೇಂದ್ರದಲ್ಲಿ ಹೆಡ್‌ಫೋನ್ ಹಾಕಿಕೊಂಡು ಬೆಂಚಿನ ಮೇಲೆ ಸಾಲಾಗಿ ಕುಳಿತು ನಾವು ಮೋರ್ಸ್ ಸಂಕೇತವನ್ನು ಕಲಿತೆವು. ಅದರಲ್ಲಿ ಪ್ರತಿ ಅಕ್ಷರವೂ ಚುಕ್ಕಿ ಎಂಬ ಗಿಡ್ಡ ಸದ್ದು, ಗೀಟು ಎಂಬ ಉದ್ದ ಸದ್ದುಗಳಿಂದ ಆಗುತ್ತದೆ. ಒಂದು ಗೀಟು ಮೂರು ಚುಕ್ಕಿಗಳಷ್ಟು ಉದ್ದ. ಅಕ್ಷರ ಅಕ್ಷರದ ನಡುವೆ ಮೂರು ಚುಕ್ಕಿಗಳಷ್ಟು, ಪದ ಪದದ ನಡುವೆ ಏಳು ಚುಕ್ಕಿಗಳಷ್ಟು ಮೌನ. ಅದನ್ನು ಕಾಗದದ ಮೇಲೆ ನೋಡಿ ಕಲಿಯಲು ಹೊರಟವರು ಹಿಂದುಳಿದರು. ತಾಳ ಹಿಡಿದಂತೆ ಕಿವಿಯಲ್ಲಿ ಕೂರಿಸಿಕೊಂಡವರು ದಾಟಿದರು. ಪಳಗಿದ ಆಪರೇಟರನ ಕೈ ಕಿವಿಗಿಂತ ಎರಡು ಮೂರು ಅಕ್ಷರ ಹಿಂದೆ ನಡೆಯುತ್ತದೆ. ಕಿವಿ ಮುಂದಿನದನ್ನು ಕೇಳುತ್ತಿರುವಾಗಲೇ ಕೈ ಹಿಂದಿನದನ್ನು ಬರೆಯುತ್ತಿರುತ್ತದೆ.

ನಾವು ಬರೆದುಕೊಳ್ಳುತ್ತಿದ್ದದ್ದರಲ್ಲಿ ಬಹುಪಾಲು ನಮಗೇ ಅರ್ಥವಾಗುತ್ತಿರಲಿಲ್ಲ. ಗುಪ್ತಲಿಪಿಯ ಸಂದೇಶವು ಐದೈದು ಅಕ್ಷರಗಳ ಗುಂಪುಗಳಾಗಿ ಬರುತ್ತಿತ್ತು. ಮಾತಿನಲ್ಲಾದರೆ ತಪ್ಪಿಹೋದ ಅಕ್ಷರವನ್ನು ಅಕ್ಕಪಕ್ಕದ ಅಕ್ಷರಗಳಿಂದ ಊಹಿಸಬಹುದು. ಇಲ್ಲಿ ಊಹೆಗೆ ಆಸರೆಯೇ ಇಲ್ಲ. ಆದ್ದರಿಂದ ಕೇಳಿಸದ ಅಕ್ಷರಕ್ಕೆ ಜಾಗ ಬಿಡು, ಮತ್ತೆ ಕಳುಹಿಸೆಂದು ಕೇಳು ಎಂಬುದು ನಮ್ಮ ಮೊದಲ ಪಾಠವಾಗಿತ್ತು. ಪಾಠ ಸುಲಭ, ರಾತ್ರಿ ಎರಡು ಗಂಟೆಗೆ, ಚಳಿಗೆ ಬೆರಳು ಮರಗಟ್ಟಿರುವಾಗ ಅದನ್ನು ಪಾಲಿಸುವುದು ಸುಲಭವಲ್ಲ.

ಲಡಾಖಿನ ಒಂದು ಠಾಣೆಯಲ್ಲಿದ್ದ ಮೊದಲ ಚಳಿಗಾಲದಲ್ಲಿ ನಾನು ಅದನ್ನು ಪಾಲಿಸಲಿಲ್ಲ. ಮರುದಿನ ಬರುವ ವಾಹನಗಳ ಸಂಖ್ಯೆಯನ್ನು ತಿಳಿಸುವ ಸಣ್ಣ ಸಂದೇಶವದು. ನಾಲ್ಕು ಚುಕ್ಕಿ ಕೇಳಿಸಿತು, ಅಷ್ಟರಲ್ಲಿ ಕರಕರ ಸದ್ದು ಅಡ್ಡ ಬಂತು. ಕೊನೆಯ, ಐದನೆಯ ಸದ್ದು ಚುಕ್ಕಿಯಾದರೆ ಸಂಖ್ಯೆ ಐದು, ಗೀಟಾದರೆ ನಾಲ್ಕು. ಮತ್ತೆ ಕೇಳಲು ಸಂಕೋಚವಾಗಿ ‘5’ ಎಂದು ಬರೆದೆ. ಬಂದದ್ದು ನಾಲ್ಕು ವಾಹನ. ಬಾರದ ಐದನೆಯದಕ್ಕಾಗಿ ನಮ್ಮ ಇಬ್ಬರು ಜವಾನರು ಹಿಮದ ದಾರಿಯ ತಿರುವಿನಲ್ಲಿ ಕತ್ತಲಾಗುವವರೆಗೆ ಕಾದು ನಿಂತರು. ಅವರಿಗೆ ಏನೂ ಆಗಲಿಲ್ಲ. ಆದರೆ ಹಿಂತಿರುಗಿ ಬಂದು ಸ್ಟೌವಿನ ಮುಂದೆ ಕೈ ಚಾಚಿದ ಅವರಲ್ಲೊಬ್ಬನ ಬೆರಳುಗಳು ಚಹಾದ ಲೋಟವನ್ನು ಹಿಡಿಯಲಾರದೆ ನಡುಗಿದ್ದನ್ನು ನಾನು ಇಂದಿಗೂ ಮರೆತಿಲ್ಲ. ನಮ್ಮ ಹವಾಲ್ದಾರರು ಬೈಯಲಿಲ್ಲ. ಲಾಗ್ ಪುಸ್ತಕ ತೆರೆದು ಆ ‘5’ರ ಮೇಲೆ ಬೆರಳಿಟ್ಟು, “ಇದು ನೀನು ಕೇಳಿದ್ದೋ, ನೀನು ಬರೆದದ್ದೋ?” ಎಂದಷ್ಟೇ ಕೇಳಿದರು.

ದೂರದ ಸಂದೇಶಗಳು ಆಕಾಶದಲ್ಲಿ ಬಹು ಎತ್ತರದಲ್ಲಿರುವ ವಿದ್ಯುತ್ ಕಣಗಳ ಪದರಗಳಿಗೆ, ಅಂದರೆ ಅಯಾನುಗೋಳಕ್ಕೆ ತಾಗಿ ಬಾಗಿ ಭೂಮಿಗೆ ಮರಳುತ್ತವೆ. ಹೊತ್ತು ಮುಳುಗಿದಂತೆ ಆ ಪದರಗಳು ಬದಲಾಗುವುದರಿಂದ ಹಗಲಿನ ಫ್ರೀಕ್ವೆನ್ಸಿಯನ್ನು ಬಿಟ್ಟು ರಾತ್ರಿ ಅದಕ್ಕಿಂತ ಕಡಿಮೆಯದಕ್ಕೆ ಇಳಿಯಬೇಕಾಗುತ್ತಿತ್ತು. ಆ ಮುಸ್ಸಂಜೆಯ ಹೊತ್ತಿನಲ್ಲಿ ಎಷ್ಟೋ ಸದ್ದುಗಳ ನಡುವೆ ಆಚೆ ಠಾಣೆಯವನ ಕೈಯನ್ನು ನಾನು ಗುರುತಿಸುತ್ತಿದ್ದೆ. ಒಬ್ಬೊಬ್ಬರ ಅಕ್ಷರ ಒಂದೊಂದು ರೀತಿ ಇರುವಂತೆ ಮೋರ್ಸ್ ಕೀ ಒತ್ತುವ ಕೈಯೂ ಒಂದೊಂದು ರೀತಿ. ಅವನು ಗೀಟನ್ನು ಸ್ವಲ್ಪ ಎಳೆಯುತ್ತಿದ್ದ. ಎರಡು ವರ್ಷ ದಿನವೂ ಅವನನ್ನು ಕೇಳಿದೆ. ಮುಖ ನೋಡಲಿಲ್ಲ, ಹೆಸರೂ ತಿಳಿಯಲಿಲ್ಲ. ಅವನಿಗೆ ಜ್ವರ ಬಂದಿದ್ದ ದಿನ ಮಾತ್ರ ನನಗೆ ತಿಳಿದಿತ್ತು, ಗೀಟುಗಳು ಮೊಟಕಾಗಿದ್ದವು.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಬೆಟ್ಟಗಳು ಕುಸಿದಾಗ ನಮ್ಮ ಮನೆಯಲ್ಲಿ ಕರೆಂಟ್ ಇರಲಿಲ್ಲ, ಮೊಬೈಲ್ ಸಿಗುತ್ತಿರಲಿಲ್ಲ. ಮಕ್ಕಂದೂರಿನ ಕಡೆ ನನ್ನ ಅಕ್ಕನ ಮನೆ; ಮನೆಯಲ್ಲಿ ನಾಲ್ಕು ಜನ. ಎರಡನೆಯ ದಿನ ತೋಟದ ದಾರಿಯಲ್ಲಿ ನಡೆದು ಬಂದ ಹುಡುಗನೊಬ್ಬ, “ಅಜ್ಜ, ನಿಮ್ಮ ಅಕ್ಕನ ಮನೆಯವರೆಲ್ಲ ಪರಿಹಾರ ಕೇಂದ್ರಕ್ಕೆ ಬಂದಿದ್ದಾರಂತೆ” ಎಂದ. ಯಾರು ನೋಡಿದರು, ಯಾರ್ಯಾರನ್ನು ನೋಡಿದರು ಎಂದು ಒಂದೊಂದೇ ಕೇಳಿದೆ. ಅಕ್ಕ, ಅವಳ ಸೊಸೆ, ಮೊಮ್ಮಗ. ಹುಡುಗ ಕಣ್ಣಾರೆ ಕಂಡದ್ದು ಆ ಮೂವರನ್ನು. ಮನೆಯವರೆಲ್ಲ ಸಮಾಧಾನದಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಗ ನಾನು ಕ್ಯಾಲೆಂಡರಿನ ಹಿಂದೆ ಮೂರು ಹೆಸರು ಬರೆದು ನಾಲ್ಕನೆಯ ಸಾಲನ್ನು ಖಾಲಿ ಬಿಟ್ಟೆ. ಹೆಂಡತಿಗೆ ಅದು ಅಪಶಕುನವೆನಿಸಿ ನೊಂದುಕೊಂಡಳು. ಮರುದಿನ ಮಧ್ಯಾಹ್ನ ಭಾವ ತಾವೇ ಮೊಣಕಾಲುದ್ದ ಕೆಸರಿನೊಂದಿಗೆ ಅಂಗಳಕ್ಕೆ ಬಂದು ನಿಂತರು. ಪೆನ್ಸಿಲ್ ಹುಡುಕಿ ಅವರ ಹೆಸರನ್ನು ಆ ಸಾಲಿನಲ್ಲಿ ಬರೆದೆ.